ಹಾಸಿಗೆಯವನ ಮಗಳ ಹಾಸಿಗೆ

ಮಾರ್ಚ್ 3, ಸೋಮವಾರ

ಒದ್ದೆ.

ಡಾಕ್ಟರಮ್ಮ ಒಂದು ಕಾಗದ ಕೊಟ್ಟಿದ್ದಾರೆ. ಅದರಲ್ಲಿ ಮೂರು ಮನೆ ಗೀಚಿದೆ: ತಾರೀಕು, ಒಣವೋ ಒದ್ದೆಯೋ, ವಿಶೇಷ. ‘ವಿಶೇಷ’ದ ಮನೆ ಬೆಂಕಿಪೊಟ್ಟಣದಷ್ಟಿದೆ. ನಮ್ಮ ಮನೆಯ ವಿಶೇಷ ಅಷ್ಟರಲ್ಲಿ ಹಿಡಿಸುವುದುಂಟೇ? ಬರುವ ದಾರಿಯಲ್ಲಿ ಈ ನೋಟುಬುಕ್ಕು ಕೊಂಡೆ. ಕಾಗದ ಅವರಿಗೆ, ಪುಸ್ತಕ ನನಗೆ. ಅಂಗಡಿಯಲ್ಲಿ ಹತ್ತಿ ಮೂಟೆಗಳ ಹಿಂದೆ ಇಡುತ್ತೇನೆ. ಹೆಂಡತಿ ಅಲ್ಲಿ ಕೈ ಹಾಕುವುದಿಲ್ಲ, ಹಾಕಿದರೆ ಮೂರು ದಿನ ಸೀನುತ್ತಾಳೆ.

ವಿಷಯ ಏನಪ್ಪಾ ಅಂದರೆ, ನಾನು ಹಾಸಿಗೆ ಹೊಲಿಯುವವನು. ಇಪ್ಪತ್ತೆರಡು ವರ್ಷದ ಕಸುಬು. ಊರಿನ ಅರ್ಧ ಜನ ನಾನು ಹೊಲಿದದ್ದರ ಮೇಲೆ ಮಲಗುತ್ತಾರೆ. ನನ್ನ ಒಬ್ಬಳೇ ಮಗಳು, ಒಂಬತ್ತು ವರ್ಷದವಳು, ನಾನು ಹೊಲಿದದ್ದರ ಮೇಲೆ ಉಚ್ಚೆ ಹೊಯ್ಯುತ್ತಾಳೆ. ವಾರಕ್ಕೆ ನಾಲ್ಕು ಸಲ, ಹುಮ್ಮಸ್ಸು ಬಂದ ವಾರ ಐದು. ಹುಟ್ಟಿದಾಗ ಅವಳ ಅಳು ಶ್ರುತಿ ಸೇರದ ಪಿಟೀಲಿನಂತಿತ್ತು. ಅವತ್ತಿನಿಂದ ಅವಳು ಪಿಟೀಲು.

ಇಷ್ಟು ದಿನ ಕಸುಬೇ ನಮ್ಮ ಮಾನ ಕಾಪಾಡಿತು. ಹಿತ್ತಲಲ್ಲಿ ಹಾಸಿಗೆ ಬಿಸಿಲಿಗೆ ಬಿದ್ದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಹಾಸಿಗೆಯವನ ಮನೆಯಲ್ಲಿ ಹಾಸಿಗೆ ಒಣಗದೆ ಮೀನು ಒಣಗುತ್ತದೆಯೇ? ಆದರೆ ಏಪ್ರಿಲ್ ನಾಲ್ಕಕ್ಕೆ ಶಾಲೆಯವರು ನಾಲ್ಕನೇ ತರಗತಿಯನ್ನು ಕೆರೆಯ ದಂಡೆಗೆ ಕರೆದೊಯ್ಯುತ್ತಾರಂತೆ. ಎರಡು ರಾತ್ರಿ ಡೇರೆಯಲ್ಲಿ ವಾಸ. ಒಪ್ಪಿಗೆ ಚೀಟಿ ಬಂದಿದೆ. ಪಿಟೀಲು ದಿನಕ್ಕೆ ಹತ್ತು ಸಲ ಅದನ್ನು ನನ್ನ ಮುಂದಿಡುತ್ತಾಳೆ. ನಾನು ಹತ್ತು ಸಲವೂ ಕನ್ನಡಕ ಹುಡುಕುತ್ತೇನೆ.

ಇವತ್ತು ಹೇಳಿಬಿಟ್ಟೆ. “ಒಂದೇ ಸಮನೆ ಹತ್ತು ದಿನ ಒಣಗಿದ್ದರೆ ಸಹಿ ಹಾಕ್ತೀನಿ.”

“ಒಂಬತ್ತಾದ್ರೆ?”

“ಹತ್ತು ಅಂದ್ರೆ ಹತ್ತು.”

ಅವಳು ಎರಡೂ ಕೈಯ ಬೆರಳು ಬಿಡಿಸಿ ನೋಡಿಕೊಂಡಳು. ಬೆರಳು ಸಾಲುತ್ತವೆ ಎಂದು ಸಮಾಧಾನವಾಗಿರಬೇಕು.

ಡಾಕ್ಟರಮ್ಮ ಒಂದು ಅರ್ಜಿಯನ್ನೂ ತುಂಬಿಸಿಕೊಂಡರು. “ತಂದೆ ತಾಯಿಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಹೀಗಿತ್ತಾ? ಇದು ಮನೆತನದಲ್ಲಿ ಬರೋದುಂಟು.” ಹೆಂಡತಿ ಇಲ್ಲ ಎಂದಳು. ನಾನೂ ಇಲ್ಲ ಎಂದೆ. ಸ್ವಲ್ಪ ಜೋರಾಗಿಯೇ ಎಂದೆ ಅಂತ ಕಾಣುತ್ತದೆ. ಪಕ್ಕದ ಕೋಣೆಯ ನರ್ಸು ಇಣುಕಿ ನೋಡಿದಳು.

ಮಾರ್ಚ್ 5, ಬುಧವಾರ

ಒದ್ದೆ.

ಚಿಕಿತ್ಸೆ ಶುರುವಾಯಿತು. ವಾರಕ್ಕೆ ಮೂರು ಸಲ: ಸೋಮ, ಬುಧ, ಶುಕ್ರ. ಇದಕ್ಕೆ ಲೇಸರ್ ಅಕ್ಯುಪಂಕ್ಚರ್ ಎಂದು ಹೆಸರು. ಹಿಂದಿನವರು ಸೂಜಿ ಚುಚ್ಚುತ್ತಿದ್ದ ಜಾಗಕ್ಕೆ ಇವರು ಬೆಳಕು ಬಿಡುತ್ತಾರೆ. ಪೆನ್ನಿನಂಥ ಒಂದು ಕಡ್ಡಿ, ಅದರ ತುದಿಯಲ್ಲಿ ಕೆಂಪು ಚುಕ್ಕೆ. ಹೊಕ್ಕುಳ ಕೆಳಗೆ, ಸೊಂಟದ ಹಿಂದೆ, ಪಾದದ ಗಂಟಿನ ಹತ್ತಿರ, ಕಿರುಬೆರಳಿಗೆ, ಒಂದೊಂದು ಕಡೆ ಅರ್ಧ ನಿಮಿಷ. ಬೆಳಕು ಕಣ್ಣಿಗೆ ಬೀಳಬಾರದೆಂದು ಕೋಣೆಯಲ್ಲಿದ್ದವರೆಲ್ಲ ಕಪ್ಪು ಕನ್ನಡಕ ಹಾಕಬೇಕು. ಡಾಕ್ಟರಮ್ಮ, ಪಿಟೀಲು, ನಾನು, ಮೂವರೂ ಕನ್ನಡಕ ಹಾಕಿಕೊಂಡು ಒಂದು ಚಿಕ್ಕ ಪಾದವನ್ನು ನೋಡುತ್ತ ಕೂತೆವು. ಹೊರಗಿನವರು ಬಂದಿದ್ದರೆ ಬ್ಯಾಂಕು ಲೂಟಿಗೆ ಹೊಂಚು ಹಾಕುತ್ತಿದ್ದೇವೆ ಅಂದುಕೊಳ್ಳುತ್ತಿದ್ದರು.

ಪಿಟೀಲು ಮೊದಲು ಕಾಲು ಕೊಡಲಿಲ್ಲ. “ಅಪ್ಪನಿಗೆ ಮೊದಲು ಬಿಡಿ” ಎಂದಳು. ನನ್ನ ಕಿರುಬೆರಳಿಗೂ ಬಿಟ್ಟರು. ಏನೂ ಆಗಲಿಲ್ಲ. ಚುರ್ ಇಲ್ಲ, ಬಿಸಿ ಇಲ್ಲ, ಕಚಗುಳಿಯೂ ಇಲ್ಲ. ನಮ್ಮ ಕಾಲದಲ್ಲಿ ಮದ್ದು ಅಂದರೆ ಕಹಿ ಇರಬೇಕು, ಇಲ್ಲವೇ ಉರಿಯಬೇಕು.

“ಇದು ಗ್ಯಾರಂಟೀನಾ ಮೇಡಂ?” ಕೇಳಿದೆ.

“ಕೆಲವು ಮಕ್ಕಳಿಗೆ ಒಗ್ಗುತ್ತೆ, ಕೆಲವರಿಗೆ ಇಲ್ಲ. ಆಣೆ ಮಾಡಿ ಹೇಳೋಕಾಗಲ್ಲ. ನೀವು ಹಾಸಿಗೆಗೆ ಗ್ಯಾರಂಟಿ ಕೊಡ್ತೀರಾ?”

“ಹಾಸಿಗೆಗೆ ಕೊಡ್ತೀನಿ, ನಿದ್ದೆಗೆ ಕೊಡಲ್ಲ.”

“ನಂದೂ ಅಷ್ಟೇ” ಎಂದರು. ಈ ಡಾಕ್ಟರಮ್ಮ ಅಂಗಡಿ ಇಟ್ಟಿದ್ದರೆ ನಾವೆಲ್ಲ ಬಾಗಿಲು ಮುಚ್ಚಬೇಕಿತ್ತು.

ಮಾರ್ಚ್ 9, ಭಾನುವಾರ

ಒಣ, ಒದ್ದೆ, ಒದ್ದೆ, ಒದ್ದೆ. ಒಂದು ಒಣ ಬಂದ ದಿನ ಪಿಟೀಲು ಶಾಲೆಗೆ ಹಾರಿಕೊಂಡು ಹೋದಳು. ಮರುದಿನದಿಂದ ನಡೆದುಕೊಂಡು.

ಇದು ಸಾಲದು ಎಂಬಂತೆ ಅಕ್ಕನಿಂದ ಫೋನು. ಅವಳ ಮನೆಗೆ ಬಣ್ಣ ಹೊಡೆಸುತ್ತಾಳಂತೆ, ಅಮ್ಮನನ್ನು ಒಂದು ತಿಂಗಳು ಇಲ್ಲಿಗೆ ಕಳಿಸುತ್ತಾಳಂತೆ. ಅಮ್ಮ ಬಂದರೆ ಸಂತೋಷವೇ. ಆದರೆ ಅಮ್ಮನ ಜೊತೆ ಅಮ್ಮನ ಬಾಯಿಯೂ ಬರುತ್ತದೆ, ಅದೇ ಯೋಚನೆ.

ಮಾರ್ಚ್ 11, ಮಂಗಳವಾರ

ಒದ್ದೆ.

ಅಮ್ಮ ಬಂದಳು. ಎಪ್ಪತ್ತೆರಡು ವರ್ಷ, ಎಂಬತ್ತು ಕಿಲೋ. ಪಿಟೀಲಿನ ದೊಡ್ಡ ಮಂಚದಲ್ಲೇ ಮಲಗುತ್ತಾಳೆ. ಬೆಳಕಿನ ಚಿಕಿತ್ಸೆಯ ಕಥೆ ಕೇಳಿ ಡಾಕ್ಟರಮ್ಮನಿಗೆ ‘ಮಿಂಚುಹುಳದ ಡಾಕ್ಟ್ರು’ ಎಂದು ನಾಮಕರಣ ಮಾಡಿದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಯಾರ ಹಾಗೋ ಏನೋ ಮಗು” ಎಂದಳು. ನನಗೆ ಅಂಗಡಿಯಲ್ಲಿ ಅರ್ಜೆಂಟು ಕೆಲಸ ನೆನಪಾಯಿತು.

ಮಾರ್ಚ್ 12, ಬುಧವಾರ

ಒದ್ದೆ. ಆದರೆ ಇದೇ ಕೊನೆಯದು!

ನಿನ್ನೆ ದಬ್ಬಳದಲ್ಲಿ ಗವುಸು ಹೊಲಿಯುವಾಗ ಥಟ್ಟನೆ ಹೊಳೆಯಿತು. ಹತ್ತಿ ನೀರು ಕುಡಿಯುತ್ತದೆ, ಎಳೆಗರು ಹಾಲು ಕುಡಿದ ಹಾಗೆ. ಬೂರುಗದ ಹತ್ತಿ ಕುಡಿಯುವುದಿಲ್ಲ, ಹೊಳೆಗೆ ಹಾಕಿದರೂ ತೇಲುತ್ತದೆ. ಒದ್ದೆ ಕುಡಿಯದ ಹಾಸಿಗೆ ಒದ್ದೆಯಾಗುವುದಾದರೂ ಹೇಗೆ? ಇಪ್ಪತ್ತೆರಡು ವರ್ಷ ಈ ಬುದ್ಧಿ ಎಲ್ಲಿ ಮಲಗಿತ್ತೋ.

ಅಂಗಡಿಯ ಬಾಗಿಲು ಅರ್ಧ ಎಳೆದು ಇಡೀ ದಿನ ಹೊಲಿದೆ. ಒಳಗೆ ಬೂರುಗ, ಮೇಲೆ ಕೊಡೆ ರಿಪೇರಿಯವನಿಂದ ತಂದ ಕೊಡೆ ಬಟ್ಟೆ. ಇದರ ಮೇಲೆ ಯಾವ ಬಟ್ಟೆಯನ್ನೂ ಹಾಸಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಅಮ್ಮ ಕೂತು ನೋಡಿ, “ಹಾಸಿಗೆ ಹೊಲಿ ಅಂದ್ರೆ ಜಾರುಬಂಡೆ ಹೊಲಿದಿದ್ದಾನೆ. ನಾನು ರಾತ್ರಿ ಜಾರಿ ಬೀದಿಗೆ ಬಿದ್ದರೆ ಎತ್ಕೊಂಡು ಬನ್ನಿ” ಎಂದು ತನ್ನ ಕಡೆಗೆ ಮಾತ್ರ ತನ್ನ ಹಳೆಯ ದುಪ್ಪಟಿ ಹಾಸಿಕೊಂಡಳು. ಅವಳಿಗೆ ಯಾರ ಕಟ್ಟಪ್ಪಣೆ?

ಮಾರ್ಚ್ 16, ಭಾನುವಾರ

ಒಣ! ಒಣ! ಒಣ! ಒಣ!

ನಾಲ್ಕು ಬೆಳಿಗ್ಗೆ, ನಾಲ್ಕೂ ಒಣ. ಆಕಾಶ ಮೂರೇ ಗೇಣು. ಬೆಳಕೋ ಬೂರುಗವೋ ಎಂದು ನಾನು ತಲೆ ಕೆಡಿಸಿಕೊಂಡಿಲ್ಲ. ಒಳಗೊಳಗೆ ಬೂರುಗ ಎಂದೇ ನನ್ನ ಮತ.

ಮಾರ್ಚ್ 17, ಸೋಮವಾರ

ಪಿಟೀಲು: ಒಣ.

ಅಮ್ಮ: ಒದ್ದೆ.

ಬರೆಯಲು ಕೈ ಬರುತ್ತಿಲ್ಲ. ಬೆಳಿಗ್ಗೆ ಹೋಗಿ ಮುಟ್ಟಿ ನೋಡಿದೆ. ಮಗುವಿನ ಕಡೆ ಕೊಡೆ ಬಟ್ಟೆ ಫಳಫಳ ಹೊಳೆಯುತ್ತಿದೆ. ಅಮ್ಮನ ಕಡೆ ದುಪ್ಪಟಿ ತೊಪ್ಪೆ. ಅಮ್ಮ ಏನೂ ಆಗದವಳಂತೆ ಅದನ್ನು ಮಡಿಸಿ ಬಕೆಟ್ಟಿಗೆ ಹಾಕಿ, “ಚಹಾಕ್ಕೆ ಸಕ್ಕರೆ ಕಡಿಮೆ” ಎಂದಳು.

ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಯಾವುದನ್ನೂ ಒಂದಲ್ಲ ಒಂದು ಗೂಡಿಗೆ ಹಾಕುವವರೆಗೆ ಅವಳಿಗೆ ನೆಮ್ಮದಿಯಿಲ್ಲ. ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. “ರೀ, ಒಂದೋ ವಯಸ್ಸು, ಇಲ್ಲ ಅಂದ್ರೆ ಸಕ್ಕರೆ ಕಾಯಿಲೆ. ಅತ್ತೆಗೆ ಬೇಜಾರಾಗೋ ಹಾಗೆ ಏನೂ ಹೇಳ್ಬೇಡಿ.”

ನಾನೇಕೆ ಹೇಳಲಿ? ಸಂಜೆ ಆರರ ಮೇಲೆ ಅಮ್ಮನಿಗೆ ನೀರು ಕೊಡುವಾಗ ಲೋಟ ಅರ್ಧ ಮಾತ್ರ ತುಂಬಿಸಿದೆ.

“ಏನೋ, ನಲ್ಲಿ ನಿಂತುಹೋಯ್ತಾ?” ಎಂದಳು.

ಮಾರ್ಚ್ 20, ಗುರುವಾರ

ಪಿಟೀಲು ಎಂಟನೇ ಒಣ. ಅಮ್ಮ ಒಟ್ಟು ಮೂರು ಒದ್ದೆ.

ಮಗು ಏಕೋ ಮಂಕಾಗಿದ್ದಾಳೆ. ಎಂಟು ಬೆರಳು ಮಡಿಸಿದವಳು ಕುಣಿಯಬೇಕಲ್ಲವೇ? ಅಜ್ಜಿಯ ಬೆನ್ನ ಹಿಂದೆಯೇ ಸುತ್ತುತ್ತಾಳೆ, ಚಪ್ಪಲಿ ತಂದಿಡುತ್ತಾಳೆ, ಕಾಲು ಒತ್ತುತ್ತಾಳೆ. ಅಜ್ಜಿಗೆ ಕಾಯಿಲೆ ಎಂದು ಅವಳಿಗೂ ಗೊತ್ತಾಗಿರಬೇಕು. ಎಷ್ಟು ಒಳ್ಳೆಯ ಮಗು! ಹಾಸಿಗೆ ಸರಿಯಾದರೆ ಗುಣವೂ ಸರಿಯಾಗುತ್ತದೆ ನೋಡಿ.

ಡಾಕ್ಟರಮ್ಮನಿಗೆ ಫೋನು ಮಾಡಿ, ಎಪ್ಪತ್ತೆರಡರವರಿಗೂ ಬೆಳಕು ಬಿಡುತ್ತೀರಾ ಎಂದು ಕೇಳಿದೆ. ಕರೆತನ್ನಿ ಎಂದರು. ಅಮ್ಮನಿಗೆ ‘ಮಂಡಿ ನೋವಿಗೆ’ ಎಂದು ಹೇಳಿದ್ದೇನೆ.

ಮಾರ್ಚ್ 21, ಶುಕ್ರವಾರ

ಇವತ್ತಿನದನ್ನು ಒಣ ಎನ್ನಲೋ ಒದ್ದೆ ಎನ್ನಲೋ ತಿಳಿಯದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಪಿಟೀಲಿನ ಕಡೆ ಒಣ, ಒಂಬತ್ತನೆಯದು. ಅಮ್ಮನ ಕಡೆ ಮತ್ತೆ ತೊಪ್ಪೆ. ಹೆಂಡತಿ ಕಚೇರಿಗೆ ಹೋದಳು, ನಾನು ಅಜ್ಜಿ ಮೊಮ್ಮಗಳಿಬ್ಬರನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದೆ. ನಾಲ್ವರೂ ಕಪ್ಪು ಕನ್ನಡಕ ಹಾಕಿದೆವು. ಅಮ್ಮನಿಗೆ ಕನ್ನಡಕ ಬಹಳ ಒಪ್ಪಿತು.

ಡಾಕ್ಟರಮ್ಮ ಮೆತ್ತಗೆ ಕೇಳಿದರು. “ಅಜ್ಜಿ, ಎಷ್ಟು ದಿನದಿಂದ?”

“ನಾಲ್ಕು ಸಲ ಆಯ್ತು ತಾಯಿ. ವಯಸ್ಸು ನೋಡು.”

ಮಂಡಿ ಎಂದು ಕರೆತಂದವನು ನಾನು. ಅಮ್ಮ ಮಂಡಿಯ ಸುದ್ದಿಯನ್ನೇ ಎತ್ತಲಿಲ್ಲ.

“ಕೆಮ್ಮಿದಾಗ, ಸೀನಿದಾಗ ಆಗುತ್ತಾ? ಬರೀ ನಿದ್ದೆಯಲ್ಲಾ?”

“ನಿದ್ದೆಯಲ್ಲೇ ತಾಯಿ. ಗೊತ್ತೇ ಆಗಲ್ಲ.” ಅಮ್ಮ ಕಾಲು ಚಾಚಿದಳು. “ಬಿಡು ನಿನ್ನ ಮಿಂಚುಹುಳ.”

ಡಾಕ್ಟರಮ್ಮ ಕಡ್ಡಿ ಎತ್ತಿದರು. ಆಗ ಪಿಟೀಲು ಕನ್ನಡಕ ಕಿತ್ತು ಕೆಳಗಿಟ್ಟು ಚೀರಿದಳು. “ಅಜ್ಜಿಗೆ ಬಿಡಬೇಡಿ! ಅದು ಅಜ್ಜಿ ಅಲ್ಲ, ನಾನು! ನಾಲ್ಕು ಸಲಾನೂ ನಾನು!”

ಅಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ಪೆದ್ದಿ! ಇನ್ನೊಂದೇ ದಿನ ಇತ್ತಲ್ಲೇ!”

ಕೋಣೆಯಲ್ಲಿ ಕೆಂಪು ಚುಕ್ಕೆ ಒಂದು ಬಿಟ್ಟು ಬೇರೇನೂ ಅಲುಗಲಿಲ್ಲ. ಡಾಕ್ಟರಮ್ಮ ಅದನ್ನೂ ಆರಿಸಿದರು.

ಆಮೇಲೆ ಒಂದೊಂದಾಗಿ ಹೊರಬಂತು. ಬೂರುಗ ನೀರು ಕುಡಿಯಲಿಲ್ಲ, ಕೊಡೆ ಬಟ್ಟೆ ಹಿಡಿದಿಡಲಿಲ್ಲ. ಎಂಬತ್ತು ಕಿಲೋ ಕೂತ ಕಡೆ ಹಾಸಿಗೆ ತಗ್ಗು. ನೀರಿಗೆ ತಗ್ಗು ಸಿಕ್ಕಮೇಲೆ ಕೇಳಬೇಕೇ? ಇದ್ದದ್ದೆಲ್ಲ ಹರಿದು ಹೋಗಿ ಅಮ್ಮನ ದುಪ್ಪಟಿ ಸೇರಿತು. ಮಗು ಎದ್ದು ಲಂಗ ಬದಲಾಯಿಸಿ, ತನ್ನ ಕಡೆ ಟವೆಲಿನಿಂದ ಒರೆಸಿ, ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಾನು ಬಂದು ‘ಒಣ!’ ಎಂದು ಕುಣಿದೆನಂತೆ. ಕುಣಿಯುವ ಅಪ್ಪನಿಗೆ ಯಾವ ಮಗು ಏನು ಹೇಳೀತು?

“ಅಮ್ಮಾ, ನಿಂಗೆ ಗೊತ್ತಿತ್ತಾ?”

“ಗೊತ್ತಿರದೆ ಏನು? ಹದಿಮೂರು ವರ್ಷ ನಿನ್ನ ಪಕ್ಕ ಮಲಗಿದ್ದೀನಿ ಕಣೋ. ಒದ್ದೆ ಯಾವ ಕಡೆಯಿಂದ ಬರುತ್ತೆ ಅಂತ ನೀನು ನನಗೆ ಹೇಳಿಕೊಡ್ತೀಯಾ?”

ಡಾಕ್ಟರಮ್ಮ ಸದ್ದಿಲ್ಲದೆ ನನ್ನ ಅರ್ಜಿಯ ಪುಟ ತಿರುವಿ ಪೆನ್ನು ಕೈಗೆತ್ತಿಕೊಂಡರು. ಪಿಟೀಲು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

“ಅಪ್ಪಾನೂನಾ?”

“ಅಪ್ಪಾನೂ ಅಂತೀಯಾ? ನೀನು ವಾರಕ್ಕೆ ನಾಲ್ಕು ದಿನದ ನೌಕರಿಯವಳು. ಅವನಿಗೆ ರಜಾನೇ ಇರಲಿಲ್ಲ” ಎಂದಳು ಅಮ್ಮ.

ಕನ್ನಡಕ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಹಾಗೇ ಕೂತೆ. ಡಾಕ್ಟರಮ್ಮ ಹತ್ತು ದಿನದ ಷರತ್ತಿನ ಕಥೆ ಕೇಳಿ ನಗಲಿಲ್ಲ. “ನೋಡಿ, ಇದು ಹಟದಿಂದ ಆಗೋ ಕೆಲಸ ಅಲ್ಲ. ನಿದ್ದೆಯಲ್ಲಿರೋ ಮಗು ಜೊತೆ ಕರಾರು ಮಾಡ್ಕೊಂಡಿದ್ದೀರಲ್ಲ, ಎಚ್ಚರ ಇರೋ ಮಗು ಪಾಪ ಏನು ಮಾಡ್ಬೇಕು?” ಎಂದರು.

ಮನೆಗೆ ಬಂದ ಮೇಲೆ ಅಮ್ಮ ಎಲ್ಲವನ್ನೂ ಸೊಸೆಗೆ ಒಪ್ಪಿಸಿದಳು. ಹೆಂಡತಿ ಬಹಳ ಹೊತ್ತು ನನ್ನನ್ನು ಯಾವ ಗೂಡಿಗೆ ಹಾಕಲಿ ಎಂಬಂತೆ ನೋಡಿದಳು.

“ಮದುವೆಗೆ ಮುಂಚೆ ಒಂದು ಮಾತು ಹೇಳ್ಬಹುದಿತ್ತು.”

“ಹೇಳಿದ್ರೆ ಮಾಡ್ಕೋತಿದ್ಯಾ?”

“ಮಾಡ್ಕೋತಿದ್ದೆ. ಮಂಚ ಎರಡು ಮಾಡಿಸ್ತಿದ್ದೆ.”

ಮಾರ್ಚ್ 22, ಶನಿವಾರ

ಒದ್ದೆ. ಹಳೆಯ ಹತ್ತಿ ಹಾಸಿಗೆ ಹಾಕಿಕೊಟ್ಟೆ. ಜಾರುಬಂಡೆಯನ್ನು ಬಿಚ್ಚಿದೆ. ಯಾರ ಮುಖವನ್ನೂ ನೋಡುವ ಹಾಗಿಲ್ಲ.

ಮಾರ್ಚ್ 23, ಭಾನುವಾರ

ಒಣ.

ಇವತ್ತು ಕೆಲಸ ಪೂರ್ತಿ ಕೆಟ್ಟಿತು. ಹಳೆಯ ಹಾಸಿಗೆ ಒಂದನ್ನು ಬಿಚ್ಚಿ ಹತ್ತಿ ಹಿಂಜಬೇಕಿತ್ತು. ಪಿಟೀಲು ಬಂದು ಮೂಟೆಯ ಮೇಲೆ ಕೂತಳು. ಕೂತವಳು ಏಳಲೇ ಇಲ್ಲ.

“ಅಪ್ಪಾ, ನೀನು ಬೇರೆಯವರ ಮನೆಗೆ ಹೋದಾಗ ಏನು ಮಾಡ್ತಿದ್ದೆ?”

“ಹೋಗ್ತಿರಲಿಲ್ಲ.”

“ಹೋಗ್ಲೇಬೇಕಾದ್ರೆ?”

ಹೇಳಬಾರದೆಂದುಕೊಂಡೆ. ಬಾಯಿ ಕೇಳಲಿಲ್ಲ. ಹನ್ನೊಂದು ವರ್ಷದವನಿದ್ದಾಗ ಸೋದರಮಾವನ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕಾಯಿತು. ನಿದ್ದೆ ಬಂದರೆ ತಾನೇ ಎಂದು ಸ್ಟೂಲಿನ ಮೇಲೆ ಕೂತೆ. ಬೆಳಗಿನ ಜಾವ ಸ್ಟೂಲಿನ ಸಮೇತ ಮಾವನ ಮೇಲೆ ಬಿದ್ದೆ. ಮಾವ ಕಳ್ಳ ಎಂದು ಕೂಗಿ ತನ್ನ ದಿಂಬಿಗೆ ತಾನೇ ಗುದ್ದಿದ. ಇಷ್ಟೆಲ್ಲ ಆಗಿ ಕೊನೆಗೆ ನೋಡಿದರೆ ಸ್ಟೂಲೂ ಒದ್ದೆ. ಪಿಟೀಲು ನಕ್ಕು ನಕ್ಕು ಮೂಟೆಯಿಂದ ಉರುಳಿದಳು.

“ನಿಮ್ಮ ಶಾಲೆಯಲ್ಲೂ ಟೂರ್ ಇತ್ತಾ?”

“ಇತ್ತು. ಸಮುದ್ರಕ್ಕೆ. ಹೊಟ್ಟೆನೋವು ಅಂತ ಹೇಳಿ ಮನೆಯಲ್ಲೇ ಉಳಿದೆ. ಸಮುದ್ರ ನೋಡಿದ್ದು ಮೂವತ್ತನೇ ವರ್ಷದಲ್ಲಿ.”

“ಹೋಗಿದ್ರೆ ಏನಾಗ್ತಿತ್ತು?”

“ಏನಾಗ್ತಿತ್ತು, ಒದ್ದೆ ಆಗ್ತಿತ್ತು.”

“ಆಮೇಲೆ?”

“ಆಮೇಲೆ…” ಎಂದೆ. ಇಷ್ಟು ವರ್ಷ ಆ ಕಥೆಯನ್ನು ನಾನು ಅಲ್ಲಿಗೇ ನಿಲ್ಲಿಸಿದ್ದೆ. “ಆಮೇಲೆ ಒಣಗ್ತಿತ್ತು.”

ನಾನು ಬಿಚ್ಚುತ್ತಿದ್ದ ಹಾಸಿಗೆಯಲ್ಲಿ ಹಳದಿ ಕಲೆ ಕಂಡು ಅವಳು ಬಗ್ಗಿದಳು. “ಇದು?”

“ಇದೂ ಅದೇ. ಬಿಚ್ಚೋ ಹಾಸಿಗೆಗಳಲ್ಲಿ ಎಷ್ಟೋ ಹೀಗೇ ಇರ್ತವೆ.”

“ಯಾರದು?”

“ಹಾಸಿಗೆಯವನು ಹೆಸರು ಹೇಳಬಾರದು. ಹೇಳಿದರೆ ನಾಳೆ ಯಾರೂ ಹಾಸಿಗೆ ತರಲ್ಲ.”

“ನಮ್ಮ ಲೆಕ್ಕದ ಟೀಚರದ್ದೂ ಇದೆಯಾ?”

“ಹೆಸರು ಹೇಳಬಾರದು ಅಂದೆ.”

“ಇಲ್ಲ ಅನ್ನಲಿಲ್ಲ! ನೀನು ಇಲ್ಲ ಅನ್ನಲಿಲ್ಲ!”

ಆ ಟೀಚರಿನ ಹಾಸಿಗೆ ನಮ್ಮ ಅಂಗಡಿಗೆ ಬಂದೇ ಇಲ್ಲ. ಆದರೆ ಮಗುವಿನ ಮುಖ ನೋಡಿ ತಿದ್ದಲು ಮನಸ್ಸಾಗಲಿಲ್ಲ. ದೇವರು ಆ ಟೀಚರನ್ನು ಚೆನ್ನಾಗಿಟ್ಟಿರಲಿ.

ಎರಡು ತಾಸು ದಂಡ. ಅವಳು ಎದ್ದು ಹೋಗುವಾಗ ನೋಡಿದರೆ ಒಪ್ಪಿಗೆ ಚೀಟಿಗೆ ಸಹಿ ಬಿದ್ದಿತ್ತು. ಪೆನ್ನು ಕೈಯಲ್ಲೇ ಇತ್ತು, ಹಾಕಿದೆ ಅಂತ ಕಾಣುತ್ತದೆ.

ಮಾರ್ಚ್ 28, ಶುಕ್ರವಾರ

ಡಾಕ್ಟರಮ್ಮ ಕಾಗದ ನೋಡಿ, “ನಾಲ್ಕು ಮನೆ ಖಾಲಿ ಬಿಟ್ಟಿದ್ದೀರಲ್ಲ?” ಎಂದರು. ಮರೆತುಹೋಗಿತ್ತು. ಮದುವೆ ಮನೆಯೊಂದರಿಂದ ಆರು ಹಾಸಿಗೆಯ ಆರ್ಡರು, ಪುರುಸೊತ್ತೆಲ್ಲಿ? ಪಿಟೀಲೇ ನೆನಪಿನಿಂದ ಹೇಳಿದಳು: ಒಣ, ಒಣ, ಒದ್ದೆ, ಒಣ. ವರದಿ ಹೇಳುವ ಅಧಿಕಾರಿಯ ಹಾಗೆ ಹೇಳಿದಳು. ಬೆಳಕಿನ ಚಿಕಿತ್ಸೆ ಇನ್ನೂ ಎರಡು ವಾರ ಇದೆಯಂತೆ. ಒಗ್ಗಿದಂತೆ ಕಾಣುತ್ತದೆ, ಆದರೆ ಆಣೆ ಮಾಡುವುದಿಲ್ಲ ಎಂದರು.

ಮಾರ್ಚ್ 31, ಸೋಮವಾರ

ಡೇರೆಗೆ ಒಂದು ಸುರುಳಿ ಹಾಸಿಗೆ ಹೊಲಿದೆ. ಶುದ್ಧ ಹತ್ತಿ, ತೆಳ್ಳಗೆ, ಎರಡೂ ಕಡೆ ಗುಂಡಿ ಹಾಕುವ ಗವುಸು. ಯಾವ ಉಪಾಯವೂ ಇಲ್ಲ. ಒಂದು ಕಡೆ ಒದ್ದೆಯಾದರೆ ಮಗುಚಿಕೊಂಡು ಮಲಗಬಹುದು, ಅಷ್ಟೇ. ಅಮ್ಮ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದಳು. ಅಮ್ಮ ಬೈಯಲು ಏನೂ ಸಿಗದೆ ಎದ್ದು ಹೋದದ್ದನ್ನು ಈ ಜನ್ಮದಲ್ಲಿ ಮೊದಲ ಸಲ ಕಂಡೆ.

ಏಪ್ರಿಲ್ 4, ಶುಕ್ರವಾರ

ಬಸ್ಸು ಹೊರಟಿತು. ಕಿಟಕಿಯಿಂದ ಕೈ ಬೀಸಿದಳು, ಆದರೆ ನನಗಲ್ಲ, ಐಸ್‌ಕ್ರೀಮ್ ಗಾಡಿಯವನಿಗೆ. ಮನೆ ಬಿಕೋ ಎನ್ನುತ್ತಿದೆ.

ಏಪ್ರಿಲ್ 6, ಭಾನುವಾರ

ಬಂದಳು! ಮೂಗು ಸುಲಿದಿದೆ, ಒಂದು ಕಾಲುಚೀಲ ಕಳೆದಿದೆ, ಬಾಯಿ ಮಾತ್ರ ಹೋದ ಹಾಗೇ ಬಂದಿದೆ. ಬಾಗಿಲಲ್ಲೇ ಶುರು ಮಾಡಿದಳು, ಊಟ ಮುಗಿದರೂ ಮುಗಿಯಲಿಲ್ಲ. ಮರೆಯುವ ಮುಂಚೆ ಬರೆದಿಡುತ್ತೇನೆ.

ಮೊದಲ ದಿನ ದೋಣಿ. ದೋಣಿಯವನಿಗೆ ಈಜು ಬರುವುದಿಲ್ಲವಂತೆ, ಇಡೀ ಕೆರೆ ಸುತ್ತಿದ ಮೇಲೆ ಹೇಳಿದನಂತೆ. ಡೇರೆಯಲ್ಲಿ ಐದು ಹುಡುಗಿಯರು, ಅದರಲ್ಲಿ ಒಬ್ಬಳು ಅಮ್ಮ ಬೇಕು ಎಂದು ಅತ್ತಳು. ಇವಳು ಸುರುಳಿ ಎಳೆದುಕೊಂಡು ಹೋಗಿ ಅವಳ ಪಕ್ಕ ಮಲಗಿ, ಸ್ಟೂಲಿನ ಮೇಲೆ ಕೂತ ಒಬ್ಬನ ಕಥೆ ಹೇಳಿದಳಂತೆ. ಹೆಸರು ಹೇಳಲಿಲ್ಲವಂತೆ, ಪುಣ್ಯ. ಎರಡನೇ ಬೆಳಿಗ್ಗೆ ಇನ್ನೂ ಯಾರೂ ಎದ್ದಿರಲಿಲ್ಲ. “ನಂದು ಒದ್ದೆ ಆಗಿತ್ತು ಅಪ್ಪಾ. ಬಟ್ಟೆ ಬದಲಾಯಿಸಿ, ಸುರುಳಿ ಮಗುಚಿ ಹಾಕಿ, ಒದ್ದೆ ಬಟ್ಟೆ ಹಿಂಡೋಕೆ ಹೊರಗೆ ಬಂದ್ನಾ, ಆಗಲೇ ನೋಡಿದ್ದು, ಲೆಕ್ಕದ ಟೀಚರ್ ಬೂಟಿನ ಒಳಗಿಂದ ಎರಡು ಕಣ್ಣು!”

ಕಪ್ಪೆ! ಅಂಗೈಯಷ್ಟಗಲ. ಇವಳು ಓಡಿಸೋಣ ಎಂದು ಬೂಟು ಅಲುಗಿಸಿದರೆ ಅದು ಇನ್ನೂ ಒಳಗೆ ಹೋಯಿತು. ಅಷ್ಟರಲ್ಲಿ ಟೀಚರು ನಿದ್ದೆಗಣ್ಣಿನಲ್ಲಿ ಎದ್ದು ಬಂದು ಕಾಲು ತೂರಿಸಿಯೇಬಿಟ್ಟರು. ಅವರ ಕಿರುಚಾಟಕ್ಕೆ ದೋಣಿಯವನು ಕೆರೆಗೆ ಬಿದ್ದನಂತೆ. ಅವನನ್ನು ಎತ್ತಲು ಹುಟ್ಟು ಚಾಚಿದರಂತೆ. ಎದ್ದು ನಿಂತರೆ ನೀರು ಅವನ ಮಂಡಿಯವರೆಗೆ. ಆ ಟೀಚರು ಒಂದೇ ಬೂಟಿನಲ್ಲಿ ಕುಂಟಿದ್ದನ್ನು ಪಿಟೀಲು ಮಾಡಿ ತೋರಿಸಿದಳು. ಅಮ್ಮನಿಗೆ ನಕ್ಕು ಕೆಮ್ಮು ಹತ್ತಿತು. ನಾನು ಕಣ್ಣು ಒರೆಸಿಕೊಂಡೆ.

ಹೆಂಡತಿ ಸ್ನಾನಕ್ಕೆ ಹೋಗಿದ್ದವಳು ತಲೆ ಒರೆಸಿಕೊಳ್ಳುತ್ತ ಬಂದಳು. ಮಗು ಆಗಲೇ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

“ಏನಾಯ್ತಂತೆ ರೀ? ಒಣವೋ ಒದ್ದೆಯೋ?”

“ಒಂದು ದಿನ ಏನೋ ಒದ್ದೆಯಂತೆ. ಅದಿರಲಿ, ಬಾ ಇಲ್ಲಿ, ಕೂತ್ಕೋ. ಕಪ್ಪೆ ಇದೆಯಲ್ಲ, ಅದು ಒಂದಲ್ಲವಂತೆ ಕಣೇ. ಇನ್ನೊಂದು ಬೂಟಿನಲ್ಲೂ ಇತ್ತಂತೆ!”